ನಮ್ಮ ಕೇಬಲ್ ನಾವೇ ಬಿಚ್ಚಿದ್ದು

ಸಿಡಿಲು ಬಡಿದದ್ದು ಮಧ್ಯಾಹ್ನ. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಬೇಸಿಗೆಯ ಕೊನೆಗೆ ಭದ್ರಾವತಿಯಲ್ಲಿ ಒಮ್ಮೊಮ್ಮೆ ಹಾಗೆ ಮೋಡ ಕವಿದು, ನಾಲ್ಕು ಹನಿ ಉದುರಿ, ಕಿವಿ ಒಡೆಯುವ ಹಾಗೆ ಗುಡುಗಿ ಹೋಗುತ್ತದೆ. ಓಲ್ಡ್ ಟೌನಿನ ನಮ್ಮ ಮನೆಯ ಮಹಡಿಯ ಮೇಲೆ ಕೇಬಲ್ ಕಂಟ್ರೋಲ್ ರೂಮು. ನಾನು ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದೆ. ಮೇಲೆ ಪಟ್ ಎಂದು ಸದ್ದಾಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೆಟ್ಟಿಲಿಳಿದು ಬಂತು. ಅದರ ಹಿಂದೆಯೇ ನನ್ನ ಫೋನು ಬಡಿದುಕೊಳ್ಳತೊಡಗಿತು.

"ಅಕ್ಕ, ಟಿವಿ ಹೋಯ್ತು."

"ಅಕ್ಕ, ನಮ್ಮನೇದು ಮಾತ್ರ ಹೋಗಿರೋದಾ, ಎಲ್ರದ್ದೂನಾ?"

"ನೋಡಿಸ್ತೀನಿ" ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಆ ದಿನಗಳಲ್ಲಿ ನಾನು ಯಾರಿಗೆ ಏನೇ ಹೇಳಿದರೂ ಅದು ಪಕ್ಕದ ಮನೆಯವರ ಮಾತಿನ ಹಾಗೆ ನನ್ನ ಕಿವಿಗೆ ಬೀಳುತ್ತಿತ್ತು. ಯಜಮಾನರು ತೀರಿಕೊಂಡು ಕೆಲವು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ಕೇಬಲ್ ಅವರದು. ಹುಡುಗರಾಗಿದ್ದಾಗಲೇ ತಾವೇ ಕಂಬ ಹತ್ತಿ ಎಳೆದ ತಂತಿ. ಬಾಡಿಗೆ ವಸೂಲಿ, ಬಾಕ್ಸ್ ರೀಚಾರ್ಜು, ದೂರು ಕೇಳುವುದು, ಇವನ್ನೆಲ್ಲ ಮೊದಲಿನಿಂದಲೂ ನಾನು ನೋಡುತ್ತಿದ್ದೆ. ಹಾಗಾಗಿ ಅವರು ಹೋದ ಮೇಲೆ ಕೆಲಸ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ನನಗೆ ಹೊಳೆಯಲೂ ಇಲ್ಲ.

ಸಂಜೆಗೆ ನಮ್ಮ ಕೇಬಲ್ಲಿನ ಲೈನ್‌ಮನ್ ಬಂದರು. ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ತಮಿಳಿನವರು, ನಮ್ಮವರ ಜೊತೆ ಶುರುವಿನಿಂದ ಇದ್ದವರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕಾ ಎನ್ನುತ್ತಾರೆ, ನಾನು ಅವರನ್ನು ಅಣ್ಣ ಎನ್ನುತ್ತೇನೆ. ಶಿವಮೊಗ್ಗದಿಂದ ಫೈಬರಿನಲ್ಲಿ ಬರುವ ಸಿಗ್ನಲ್ಲನ್ನು ನಮ್ಮ ಕೇಬಲ್ಲಿಗೆ ಇಳಿಸಿಕೊಡುವ ಪೆಟ್ಟಿಗೆಗೆ ನೋಡ್ ಎನ್ನುತ್ತಾರೆ. ಅದನ್ನು ಬಿಚ್ಚಿದರೆ ಒಳಗೆ ಬೋರ್ಡು ಕಪ್ಪಗಾಗಿತ್ತು. ಆಮೇಲೆ ಇಬ್ಬರೂ ಲೈನಿನ ಗುಂಟ ನಡೆದೆವು. ದೂರ ಹೋದ ಹಾಗೆ ಸಿಗ್ನಲ್ ಬಲ ಕಳೆದುಕೊಳ್ಳದಿರಲಿ ಎಂದು ಬೀದಿಬೀದಿಗೆ ಆಂಪ್ಲಿಫೈಯರ್ ಕೂರಿಸಿರುತ್ತಾರೆ. ಅಣ್ಣ ಏಣಿ ಹಾಕಿ ಒಂದೊಂದನ್ನೇ ತೆರೆದು ಮೂಸಿ ನೋಡುತ್ತ ಬಂದರು.

"ಇದೂ ಹೋಯ್ತಕ್ಕಾ."

ಹೊಳೆಯ ಕಡೆಯ ಕೊನೆಯ ಬೀದಿ ಮುಟ್ಟುವ ಹೊತ್ತಿಗೆ ಅವರು ತೆರೆದು ನೋಡುವುದನ್ನೂ ಬಿಟ್ಟರು.

ಮರುದಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋದೆ. ನಮಗೆ ಸಿಗ್ನಲ್ ಕೊಡುವ ದೊಡ್ಡ ವಿತರಕರ ಕಚೇರಿ ಅಲ್ಲಿದೆ. ಮ್ಯಾನೇಜರು ಕೂರಿಸಿ ಕಾಫಿ ತರಿಸಿದರು, ಯಜಮಾನರ ವಿಷಯ ಮಾತಾಡಿದರು, ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದರು.

"ಮೇಡಂ, ಹಳೇ ಲೈನ್ ರಿಪೇರಿಗೆ ದುಡ್ಡು ಸುರೀಬೇಡಿ. ಗಿರಾಕಿಗಳೂ ಕಮ್ಮಿ ಆಗ್ತಾ ಬಂದಿದಾರೆ. ನಿಮ್ಮ ಕನೆಕ್ಷನ್ನೆಲ್ಲ ನಮಗೆ ಬರೆದುಕೊಟ್ಬಿಡಿ. ನಾವೇ ಹೊಸದಾಗಿ ಮನೆಮನೆಗೆ ಫೈಬರ್ ಎಳೀತೀವಿ. ಇಂಟರ್ನೆಟ್ಟು, ಟಿವಿ ಎರಡೂ ಸೇರಿ ಒಂದೇ ಪ್ಯಾಕೇಜು. ನಿಮಗೆ ತಿಂಗಳಾ ತಿಂಗಳಾ ಕಮಿಷನ್ ಬರತ್ತೆ. ಕೂತ ಜಾಗದಲ್ಲೇ."

"ಬರೀ ಟಿವಿ ಸಾಕು ಅನ್ನೋರಿಗೆ?"

"ಬರೀ ಟಿವಿ ಇಲ್ಲ ಮೇಡಂ. ಎರಡೂ ಒಟ್ಟಿಗೇನೇ."

ಗಿರಾಕಿಗಳಿಗೆ ತಿಂಗಳ ಬಾಡಿಗೆ ಈಗಿನದಕ್ಕಿಂತ ಎಷ್ಟೋ ಹೆಚ್ಚಾಗುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅವರ ವ್ಯಾಪಾರ ಅವರದು. ಯೋಚಿಸಿ ಹೇಳುತ್ತೇನೆ ಎಂದು ಎದ್ದೆ. ನಿಜದಲ್ಲಿ ಯೋಚಿಸುವುದೇನೂ ಉಳಿದಿರಲಿಲ್ಲ. ಸಹಿ ಹಾಕುವುದು ಎಂದೇ ನನ್ನ ಲೆಕ್ಕ. ಅಲ್ಲಿಗೆ ಫೋನಿನ ಕಾಟವಾದರೂ ತಪ್ಪುತ್ತಿತ್ತು.

ಹೊರಗೆ ಬಂದವಳು ಹಾಗೇ ಶಿವಮೊಗ್ಗದಲ್ಲೇ, ರವೀಂದ್ರನಗರದಲ್ಲಿರುವ ತಂಗಿಯ ಮನೆಗೆ ಹೋದೆ. ನನ್ನ ಮಗಳು ಅಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ. ತಂಗಿಯ ಮನೆಯಲ್ಲಿ ಕೇಬಲ್ ತೆಗೆಸಿದ್ದರು. ನನಗೆ ಬೇಜಾರಾದೀತು ಎಂದು ಹೇಳಿರಲಿಲ್ಲವಂತೆ. ಟಿವಿಯ ಹಿಂದೆ ಹೆಬ್ಬೆರಳು ಗಾತ್ರದ ಒಂದು ಕಡ್ಡಿ ಸಿಕ್ಕಿಸಿತ್ತು. ಮನೆಯ ವೈಫೈ ಹಿಡಿದು ಅದರಲ್ಲೇ ಸಿನಿಮಾ, ಧಾರಾವಾಹಿ, ವಾರ್ತೆ ಎಲ್ಲ ಬರುತ್ತಿತ್ತು.

"ನಿನ್ನೆಯ ಎಪಿಸೋಡು ಇವತ್ತು ಬಿಟ್ಟಿ ನೋಡ್ಬೋದಮ್ಮ, ನಡುವೆ ಜಾಹೀರಾತು ಬರತ್ತೆ ಅಷ್ಟೇ" ಎಂದಳು ಮಗಳು. ಆಮೇಲೆ ನನ್ನ ಮುಖ ನೋಡಿ, "ಊಟ ಮಾಡ್ದ್ಯಾ?" ಎಂದಳು.

"ಮಾಡ್ದೆ" ಎಂದೆ. ಮಾಡಿದ್ದೆನೋ ಇಲ್ಲವೋ ನೆನಪಿರಲಿಲ್ಲ.

ಭದ್ರಾವತಿಗೆ ವಾಪಸಾದ ಮೇಲೆ ಗಿರಾಕಿಗಳಿಗೆ ಹೊಸ ಪ್ಯಾಕೇಜಿನ ವಿಷಯ ಹೇಳಿಬರಲು ಹೊರಟೆ. ಮೊದಲು ಸಿಕ್ಕಿದ್ದು ನಮ್ಮ ಬೀದಿಯ ಟೇಲರ್ ಬೀಬಿ. ಹಗಲಿಡೀ ಮಿಷನ್ ತುಳಿಯುವ ಹೆಂಗಸು. ಪಕ್ಕದಲ್ಲಿ ಟಿವಿ ಹಾಡುತ್ತಿರಬೇಕು, ಅದರ ಕಡೆ ತಲೆ ಎತ್ತುವುದು ದಾರ ಕಡಿಯುವಾಗ ಮಾತ್ರ. ನಾನು ಮ್ಯಾನೇಜರು ಹೇಳಿದ್ದನ್ನೇ ಒಪ್ಪಿಸಿದೆ. ಬೀಬಿ ಮಿಷನ್ ನಿಲ್ಲಿಸಿ ಕೇಳಿಸಿಕೊಂಡರು.

"ಇಂಟರ್‌ನೆಟ್ ನಂಗೆ ಯಾಕೆ ಅಕ್ಕ? ಮೊಬೈಲ್‌ನಾಗೆ ಐತಲ್ಲ. ನಂಗೆ ಹಾಡು ಬೇಕು, ನ್ಯೂಸ್ ಬೇಕು, ಅಷ್ಟೇ." ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು. "ಸಚ್ ಹೇಳಿ. ನಿಮ್ಮ ಸಗೀ ತಂಗಿ, ಒಡಹುಟ್ಟಿದೋಳೇ ಕೇಳಿದ್ರೆ ಏನ್ ಹಾಕಿಸ್ಕೋ ಅಂತಿದ್ರಿ?"

"ಫ್ರೀ ಡಿಶ್ ಹಾಕಿಸ್ಕೋ ಅಂತಿದ್ದೆ" ಎಂದೆ.

ಯೋಚಿಸಿ ಆಡಿದ ಮಾತಲ್ಲ. ಕೇಳಿದರು, ಬಾಯಿಂದ ಬಂತು. ಫ್ರೀ ಡಿಶ್ ಎಂದರೆ ಸರ್ಕಾರದ ಉಚಿತ ಡಿಶ್. ಛತ್ರಿಯಂಥ ತಟ್ಟೆ, ಒಂದು ಬಾಕ್ಸು ಒಂದು ಸಲ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆಯೇ ಇಲ್ಲ. ಕೇಬಲ್ಲಿನವರು ಅದರ ಹೆಸರೆತ್ತುವುದಿಲ್ಲ. ನಮ್ಮ ಮನೆಯಲ್ಲೂ ಅದೊಂದು ಬೈಗುಳದ ಹಾಗಿತ್ತು.

"ಹಂಗಾದ್ರೆ ಅದನ್ನೇ ಹಾಕಿ" ಎಂದು ಬೀಬಿ ಮತ್ತೆ ಮಿಷನ್ ತುಳಿಯತೊಡಗಿದರು.

ಬೀದಿಗೆ ಬಂದು ನಿಂತೆ. ಬೀಬಿಗೊಂದು ಹೇಳಿ ಪಕ್ಕದ ಮನೆಗೆ ಇನ್ನೊಂದು ಹೇಳುವುದು ಹೇಗೆ ಎಂಬುದೊಂದೇ ತಲೆಯಲ್ಲಿತ್ತು. ಅಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಮಾಡಿ, ಬರೆದುಕೊಡುವುದಿಲ್ಲ, ಬೇಕಾದವರು ನೇರ ನಿಮ್ಮ ಹತ್ತಿರ ಬರುತ್ತಾರೆ ಎಂದೆ. ಅವರು "ಯಾರಾದ್ರೂ ಹಿರಿಯರನ್ನ ಕೇಳಿ ನೋಡಿ ಮೇಡಂ" ಎಂದರು. ಕೇಳುವಂಥ ಒಬ್ಬರಿದ್ದರು, ಅವರಿಲ್ಲ ಎಂದು ಹೇಳಿ ಫೋನಿಟ್ಟೆ. ಧೈರ್ಯವಾಗಲಿ ಭಯವಾಗಲಿ ಏನೂ ಆಗಲಿಲ್ಲ.

ಭಯವಾದದ್ದು ಅಣ್ಣನಿಗೆ. "ಏನಕ್ಕಾ ಇದು! ನಮ್ ಗಿರಾಕೀನ ನಾವೇ ಓಡ್ಸೋದಾ? ಯಜಮಾನ್ರು ಇದ್ದಿದ್ರೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ. ಲೈನ್ ಇದ್ದಿದ್ರೆ ನಾನೂ ಬಿಡ್ತಿರ್ಲಿಲ್ಲ. ಈಗ ಲೈನೇ ಇಲ್ವಲ್ಲಣ್ಣ. ಡಿಶ್ ಕೂರಿಸೋ ಕೂಲಿ ಯಾರೋ ತಗೊಳ್ಳೋದು ನೀವೇ ತಗೊಳ್ಳಿ."

ಅವರು ಸ್ಪ್ಯಾನರ್ ಇದ್ದ ಚೀಲ ಹೆಗಲಿಗೇರಿಸಿದರು.

ಮೊದಲ ಡಿಶ್ಶೇ ಕೈಕೊಟ್ಟಿತು. ಬೀಬಿಯ ಮಹಡಿಯ ಮೇಲೆ ಯಾವ ಕಾಲದ್ದೋ ಒಂದು ತುಕ್ಕು ಹಿಡಿದ ಡಿಶ್ ಇತ್ತು. ಹಳೆಯದನ್ನೇ ಬಳಸಿದರೆ ಬಾಕ್ಸಿನ ಖರ್ಚಲ್ಲೇ ಮುಗಿಯುತ್ತದೆ ಎಂದು ಅದಕ್ಕೆ ಹೊಸ ಬಾಕ್ಸು ಜೋಡಿಸಿದೆವು. ಪರದೆಯ ಮೇಲೆ ಎರಡು ಪಟ್ಟಿ ಬರುತ್ತವೆ, ಒಂದು ಸಿಗ್ನಲ್ಲಿನ ಬಲದ್ದು, ಇನ್ನೊಂದು ಗುಣಮಟ್ಟದ್ದು. ಬಲದ ಪಟ್ಟಿ ತುಂಬಿತ್ತು. ಗುಣಮಟ್ಟದ್ದು ಸೊನ್ನೆ. ಅಣ್ಣ ಮೇಲೆ ಡಿಶ್ ತಿರುಗಿಸುವುದು, ನಾನು ಕೆಳಗೆ ಟಿವಿ ನೋಡಿ "ಇಲ್ಲ, ಇಲ್ಲ" ಎಂದು ಕೂಗುವುದು. ಬಿಸಿಲೇರಿತು. ವೈರು ಬದಲಾಯಿಸಿದೆವು, ತಲೆ ಬದಲಾಯಿಸಿದೆವು. ತಲೆ ಎಂದರೆ ಡಿಶ್ಶಿನ ಎದುರು ಕಡ್ಡಿಯ ತುದಿಯಲ್ಲಿರುವ ಮೂತಿ. ಊಹುಂ.

ಕೊನೆಗೆ ನಾನೇ ಮೇಲೆ ಹೋದೆ. ಸುತ್ತ ಅಲ್ಲಲ್ಲಿ ಇದ್ದ ಡಿಶ್ಶುಗಳೆಲ್ಲ ದಕ್ಷಿಣಕ್ಕೆ ಸ್ವಲ್ಪ ಓರೆಯಾಗಿ ಮುಖ ಮಾಡಿದ್ದವು. ಅಣ್ಣ ಅವುಗಳ ಸಾಲಿಗೇ ನಮ್ಮದನ್ನೂ ನಿಲ್ಲಿಸಿದ್ದರು. ಅವೆಲ್ಲ ಬಾಡಿಗೆ ಕಟ್ಟುವ ಒಂದೇ ಖಾಸಗಿ ಕಂಪನಿಯ ಡಿಶ್ಶುಗಳು, ಅವುಗಳ ಉಪಗ್ರಹ ಬೇರೆ. ಮಗಳಿಗೆ ಫೋನ್ ಮಾಡಿ ಕೇಳಿದೆ. ಅವಳು ಹುಡುಕಿ, ಇನ್ನೂ ಪೂರ್ವಕ್ಕೆ ತಿರುಗಿಸಬೇಕು, ಆಗ್ನೇಯಕ್ಕೆ, ಮುಖ ಸ್ವಲ್ಪ ಕೆಳಗೆ ಬಾಗಿಸಬೇಕು ಎಂದಳು. ತಿರುಗಿಸಿದರೆ ಎದುರಿಗೆ ಪಕ್ಕದ ಮನೆಯ ನೀರಿನ ಟ್ಯಾಂಕು. ಡಿಶ್ ಬಿಚ್ಚಿ ಮಹಡಿಯ ಇನ್ನೊಂದು ಮೂಲೆಗೆ ಒಯ್ದು ಮತ್ತೆ ಬೋಲ್ಟ್ ಹೊಡೆದೆವು. ಕೂದಲೆಳೆಯಷ್ಟು ಅತ್ತಿತ್ತ ಜರುಗಿಸುತ್ತಿದ್ದ ಹಾಗೆ ಕೆಳಗಿನಿಂದ ಬೀಬಿ "ಆಗಯಾ! ಬಂತು!" ಎಂದು ಕೂಗಿದರು. ಅಣ್ಣನ ಮುಖದಲ್ಲಿ ಅಷ್ಟು ದಿನದ ಮೇಲೆ ನಗು ಕಂಡಿತು. ನಾನು "ನಟ್ಟು ಬಿಗಿ ಮಾಡಿ" ಎಂದೆ.

ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು ಎಂದುಕೊಂಡರೆ ಆಗಲಿಲ್ಲ. ಬೀಬಿಗೆ ಹಿಡಿಸಿತೆಂದು ಮುಂದಿನ ಮನೆಗೂ ಅದನ್ನೇ ಕೂರಿಸಿದೆವು. ಅದು ಹೋಟೆಲಿಟ್ಟವರ ಮನೆ. ಅವರ ಹೆಂಡತಿ ಸಂಜೆ ನಮ್ಮ ಬಾಗಿಲಿಗೇ ಬಂದರು.

"ಎಂಥದು ಮಾರಾಯ್ತಿ ಇದು! ಹಿಂದಿ ಇದೆ, ಯಾವ್ಯಾವ್ದೋ ಭಾಷೆ ಇದೆ, ನನ್ನ ಧಾರಾವಾಹಿ ಎಲ್ಲಿ? ಅವಳ ಮದ್ವೆ ಆಯ್ತೋ ಇಲ್ವೋ ಅಂತ ಬೇರೆಯವರ ಮನೇಲಿ ಕೇಳ್ಕೊಂಡು ಬರ್ಬೇಕಾ ನಾನು?"

ಫ್ರೀ ಡಿಶ್ಶಿನಲ್ಲಿ ಕನ್ನಡ ಕಡಿಮೆ. ಸರ್ಕಾರಿ ಚಾನೆಲ್ ಬರುತ್ತದೆ, ಜೊತೆಗೆ ಒಂದಿಷ್ಟು. ಜನಪ್ರಿಯ ಧಾರಾವಾಹಿಗಳ ಚಾನೆಲ್ ಬರುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೆ ಅವರನ್ನು ಕೇಳಿರಲಿಲ್ಲ. ಅವರ ಡಿಶ್ ಬಿಚ್ಚಿ, ಬಾಕ್ಸು ವಾಪಸು ತೆಗೆದುಕೊಂಡು, ಖಾಸಗಿ ಡಿಶ್ ಹಾಕಿಸಿದೆ. ಅದರಲ್ಲೂ ಅಂಗಡಿಯವರು ಹೇಳುವ ದೊಡ್ಡ ಪ್ಯಾಕೇಜು ಬೇಡ ಎಂದು, ಆಕೆ ನೋಡುವ ಕನ್ನಡ ಚಾನೆಲ್ಲುಗಳನ್ನಷ್ಟೇ ಬಿಡಿಬಿಡಿಯಾಗಿ ಆರಿಸಿಕೊಟ್ಟೆ. ಹಾಗೆ ಆರಿಸಿಕೊಳ್ಳಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ತಿಂಗಳಿಗೆ ನಮ್ಮ ಕೇಬಲ್ಲಿಗಿಂತಲೂ ಕಡಿಮೆಯಾಯಿತು.

ಆಮೇಲೆ ಯಾವ ಮನೆಗೆ ಹೋದರೂ ಬಾಕ್ಸಿನ ಮಾತು ಎತ್ತುವ ಮೊದಲು ಕೂತು ಕೇಳತೊಡಗಿದೆ. ನಿಜವಾಗಿ ಏನು ನೋಡುತ್ತೀರಿ? ಯಾರು ನೋಡುವುದು, ಯಾವ ಹೊತ್ತಿಗೆ? ಮನೆಯಲ್ಲಿ ವೈಫೈ ಇದೆಯೇ? ಜನ ಮೊದಲು "ಎಲ್ಲಾನೂ ನೋಡ್ತೀವಿ" ಎನ್ನುತ್ತಿದ್ದರು. ಕೆದಕಿದರೆ ಎರಡು ಮೂರು ಚಾನೆಲ್ಲಿಗೆ ಬಂದು ನಿಲ್ಲುತ್ತಿತ್ತು. ವೈಫೈ ಮೊದಲೇ ಇದ್ದ ಮನೆಗೆ ತಂಗಿಯ ಮನೆಯ ಹಾಗೆ ಕಡ್ಡಿ ಸಾಕಾಯಿತು. ಒಂದು ಮನೆಗೆ ವೈಫೈ ಇಲ್ಲದೆ ಮೊಬೈಲಿನ ಇಂಟರ್ನೆಟ್ಟಿನಲ್ಲೇ ಕಡ್ಡಿ ಓಡಿಸಿ ಎಂದು ಹೇಳಿ ಕೆಟ್ಟೆ. ದಿನದ ಡೇಟಾ ಮಧ್ಯಾಹ್ನದೊಳಗೆ ಖಾಲಿಯಾಗಿ, ಸಿನಿಮಾ ಅರ್ಧಕ್ಕೆ ನಿಂತು, ಆ ಮನೆಯ ಯಜಮಾನರು ಬೀದಿಯಲ್ಲೇ ನನಗೆ ಬೈದರು. ಬೈಗುಳ ಕೇಳಿ ಮುಗಿಸಿ, ಅವರಿಗೂ ಡಿಶ್ ಹಾಕಿಸಿದೆ. ಇಬ್ಬರು ಮೂವರು ನನ್ನ ಮಾತು ಕೇಳಿ ಏನೂ ಬೇಡ ಎಂದರು. ಟಿವಿ ಸುಮ್ಮನೆ ಹಾಡುತ್ತಿತ್ತು, ನೋಡುವವರೇ ಇರಲಿಲ್ಲ ಎಂದರು. ಊರಲ್ಲಿ ನನ್ನ ಬಗ್ಗೆ ಮಾತು ಹರಡಿತ್ತು. ಗಂಡ ಹೋದ ಮೇಲೆ ತಲೆ ಕೆಟ್ಟಿದೆ ಎಂದು ಕೆಲವರು ಅಂದರಂತೆ. ಅಣ್ಣ ಬಂದು ಹೇಳಿದರು. ಇರಬಹುದು ಎಂದೆ.

ಕೊನೆಗೆ ಉಳಿದದ್ದು ಮೇಷ್ಟ್ರ ಮನೆ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಮಗ ಸೊಸೆಯ ಜೊತೆ ಇದ್ದಾರೆ. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಎಲ್ಲ ಮನೆಗಳ ಹಾಗೆ ಅಲ್ಲೂ ಏನು ನೋಡುತ್ತೀರಿ ಎಂದು ಕೇಳಿದೆ.

"ನಾನು ವಾರ್ತೆ ಕೇಳ್ತೀನಮ್ಮ, ಅದು ಎಲ್ಲಾದ್ರೂ ಬರತ್ತೆ. ಇವಳದ್ದೇ ಕಷ್ಟ" ಎಂದರು ಮೇಷ್ಟ್ರು. "ಇವಳು ನೋಡೋದು ನಿಮ್ಮ ಚಾನೆಲ್ ಒಂದೇ. ಅದು ಹೋದಾಗಿಂದ ರಿಮೋಟ್ ಹಿಡ್ಕೊಂಡು ಮನೆಯೆಲ್ಲ ಓಡಾಡ್ತಾಳೆ. ನಮ್ಮವರೆಲ್ಲ ಎಲ್ಲಿ ಹೋದ್ರು ಅಂತಾಳೆ."

ನಮ್ಮ ಚಾನೆಲ್ ಎಂದರೆ ನಮ್ಮವರು ಕೇಬಲ್ಲಿನಲ್ಲಿ ತಾವೇ ನಡೆಸುತ್ತಿದ್ದ ಊರಿನ ಚಾನೆಲ್. ಒಂದು ಹಳೆಯ ಕಂಪ್ಯೂಟರು, ಒಂದು ಕ್ಯಾಮೆರಾ. ಶಾಲೆಯ ವಾರ್ಷಿಕೋತ್ಸವ, ಮದುವೆ, ಕಬಡ್ಡಿ, ಯಾರು ಕರೆದರೂ ಹೋಗಿ ಚಿತ್ರೀಕರಿಸಿ ತಂದು ದಿನವಿಡೀ ತಿರುಗಿ ತಿರುಗಿ ಹಾಕುತ್ತಿದ್ದರು. ಮೇಷ್ಟ್ರ ಹೆಂಡತಿ ಬೀದಿಯ ಹೆಂಗಸರ ಭಜನಾ ಮಂಡಳಿಯಲ್ಲಿ ಮುಂದಾಳಾಗಿ ಹಾಡುತ್ತಿದ್ದವರು. ಆ ಭಜನೆಯೂ ಅದರಲ್ಲಿ ಬರುತ್ತಿತ್ತು.

ಇದಕ್ಕೆ ಬದಲಿ ಯಾವ ಡಿಶ್ಶಿನಲ್ಲೂ ಇರಲಿಲ್ಲ. ಮನೆಗೆ ಬಂದು ಫ್ರೀ ಡಿಶ್ ಬಾಕ್ಸೊಂದನ್ನು ತಿರುಗಿಸಿ ನೋಡಿದೆ. ಹಿಂದುಗಡೆ ಪೆನ್‌ಡ್ರೈವ್ ಹಾಕುವ ಕಿಂಡಿ ಇತ್ತು. ವಿಡಿಯೊ ಓಡುತ್ತದೆಯೇ ಎಂದು ಮಗಳ ಒಂದು ಡಾನ್ಸ್ ಹಾಕಿ ನೋಡಿದೆ, ಓಡಿತು. ಕಂಪ್ಯೂಟರು ಸಿಡಿಲಿಗೆ ಸತ್ತಿತ್ತು. ಆದರೆ ವಿಡಿಯೊಗಳಿದ್ದ ಹಾರ್ಡ್ ಡಿಸ್ಕು ಬೇರೆಯಾಗಿ ಕಪಾಟಿನಲ್ಲಿತ್ತು. ಅದನ್ನು ಮಗಳು ಮನೆಯಲ್ಲಿ ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಭಜನೆ ಎಂದು ಹೆಸರಿದ್ದುದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿದೆ. ಯಾವುದನ್ನೂ ತೆರೆದು ನೋಡಲಿಲ್ಲ. ಹೆಸರು ಓದುವುದು, ನಕಲು ಮಾಡುವುದು, ಅಷ್ಟೇ.

ಮರುದಿನ ಬೆಳಿಗ್ಗೆ ಅಣ್ಣ ಮೇಷ್ಟ್ರ ಮಹಡಿಯ ಮೇಲೆ ಡಿಶ್ ಕೂರಿಸಿದರು. ಅಷ್ಟರಲ್ಲಿ ನಮಗೆ ಕೈ ಪಳಗಿತ್ತು. ಸ್ವಲ್ಪ ಹೊತ್ತಲ್ಲೇ ವಾರ್ತೆ ಬಂತು. ಅಣ್ಣ ಮೇಲೆ ನಟ್ಟು ಬಿಗಿಯುತ್ತಿದ್ದ ಹಾಗೇ ನಾನು ಪೆನ್‌ಡ್ರೈವ್ ಸಿಕ್ಕಿಸಿ ಮೊದಲನೆಯದನ್ನು ಒತ್ತಿದೆ. ಮೇಷ್ಟ್ರ ಹೆಂಡತಿ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಚಾಪೆ ಹಾಸಿದ ಒಂದು ಪಡಸಾಲೆ, ಸಾಲಾಗಿ ಕೂತ ಹೆಂಗಸರು, ನಡುವೆ ತಾಳ ಹಿಡಿದ ಅವರೇ. ಇನ್ನೂ ಹಾಡು ಶುರುವಾಗಿರಲಿಲ್ಲ. ಚಿತ್ರ ಅಲುಗಾಡಿತು, ಕ್ಯಾಮೆರಾದ ಹಿಂದಿನಿಂದ ನಮ್ಮವರ ಧ್ವನಿ ಬಂತು.

"ಮಾರಾಯ್ತಿ, ಎಲ್ಲಿದೀಯೆ? ಲೈಟ್ ಹಿಡೀಬೇಕು ಬಾರೆ. ಏ, ಇವಳೇ!"

ನನ್ನ ಕೈಯಲ್ಲಿ ರಿಮೋಟ್ ಇತ್ತು. ಧ್ವನಿ ತಗ್ಗಿಸಬಹುದಿತ್ತು, ಮುಂದಕ್ಕೆ ಓಡಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ.

ಮೇಷ್ಟ್ರ ಹೆಂಡತಿ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಎಷ್ಟೋ ದಿನದಿಂದ ನನ್ನ ಗುರುತು ಹಿಡಿಯದವರು.

"ನಿಮ್ಮ ಯಜಮಾನ್ರು ಆಗ್ಲಿಂದ ಕರೀತಿದಾರೆ ಕಣಮ್ಮ. ಓ ಅನ್ನಬಾರ್ದಾ?"

ಮೇಷ್ಟ್ರು ಗಾಬರಿಯಿಂದ ಎದ್ದರು. "ಏ, ಸುಮ್ನಿರು ನೀನು" ಎಂದು ಹೆಂಡತಿಯ ಭುಜ ಹಿಡಿದರು.

"ಬಂದೆ!" ಎಂದೆ ನಾನು.

ಅವರಿದ್ದಾಗ ಅಡುಗೆಮನೆಯಿಂದ ಮಹಡಿಗೆ ಕೇಳಿಸುವ ಹಾಗೆ ಕೂಗುತ್ತಿದ್ದೆನಲ್ಲ, ಅಷ್ಟೇ ಜೋರಾಗಿ ಬಂತು. ಅಷ್ಟು ತಿಂಗಳಲ್ಲಿ ನನ್ನ ದನಿ ನನ್ನದೇ ಎಂದು ಕೇಳಿಸಿದ್ದು ಅದೇ ಮೊದಲು.

ಮಹಡಿಯ ಮೇಲೆ ಸ್ಪ್ಯಾನರಿನ ಸದ್ದು ನಿಂತಿತು. "ಏನಕ್ಕಾ? ಕರೆದ್ರಾ?"

"ಇಲ್ಲಣ್ಣ" ಎಂದೆ. "ನಿಮ್ಮನ್ನಲ್ಲ."

ಮೇಷ್ಟ್ರ ಹೆಂಡತಿಗೆ ಸಮಾಧಾನವಾಯಿತು. ಮತ್ತೆ ಟಿವಿಯ ಕಡೆ ತಿರುಗಿದರು. ಪರದೆಯಲ್ಲಿ ಬೆಳಕು ಹೆಚ್ಚಾಯಿತು, ಅಂದರೆ ನಾನು ಬಂದು ಲೈಟ್ ಹಿಡಿದಿದ್ದೆ. ಹಾಡು ಶುರುವಾಯಿತು. ಅವರು ಒಂದು ಸಾಲೂ ತಪ್ಪದೆ ಜೊತೆಗೆ ಹಾಡಿದರು. ನಾನು ಗೋಡೆಗೊರಗಿ ನೆಲದ ಮೇಲೆ ಕೂತೆ. ಅಣ್ಣ ಕೆಳಗಿಳಿದು ಬಂದವರು ಬಾಗಿಲಲ್ಲೇ ಕೈಯ ಧೂಳು ಒರೆಸಿಕೊಳ್ಳುತ್ತ ನಿಂತರು, ಒಳಗೆ ಬರಲಿಲ್ಲ.

ಕಂಬಗಳ ಮೇಲಿನ ಕೇಬಲ್ಲನ್ನು ಮಳೆ ಹಿಡಿಯುವ ಮೊದಲೇ ಬಿಚ್ಚಿ ಸುತ್ತಿ ಗುಜರಿಗೆ ಹಾಕಿದೆವು. ಅಣ್ಣನಿಗೆ ಈಗ ಡಿಶ್ ಕೆಲಸ ಕೈತುಂಬ ಇದೆ, ಹೊಳಲೂರಿನ ಕಡೆಯಿಂದಲೂ ಕರೆ ಬರುತ್ತದೆ. ಯಾವ ಮನೆಗೆ ಏನು ಹೊಂದುತ್ತದೆ ಎಂದು ಫೋನಿನಲ್ಲಿ ಕೇಳಿ ಹೇಳುವುದು ನನ್ನ ಕೆಲಸ. ಅದರಿಂದ ನನಗೂ ಏನೋ ಒಂದಿಷ್ಟು ಬರುತ್ತದೆ, ಮೊದಲಿನಷ್ಟಲ್ಲ. ನಿಮ್ಮ ಮನೆಗೆ ಯಾವುದು ಹಾಕಿಸಿಕೊಂಡಿರಿ ಎಂದು ಜನ ಕೇಳಿದರೆ, ಇನ್ನೂ ಯಾವುದೂ ಇಲ್ಲ ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು.

ಕಂಟ್ರೋಲ್ ರೂಮ್ ಖಾಲಿ ಮಾಡುವ ದಿನ ಮಗಳು ಶಿವಮೊಗ್ಗದಿಂದ ಬಂದಿದ್ದಳು. ಇಬ್ಬರೂ ಸೇರಿ ಕಸ ಹೊಡೆದು, ಮೇಜು ಇಳಿಸಿ, ಬಾಗಿಲು ಎಳೆದುಕೊಂಡೆವು. ಹಾರ್ಡ್ ಡಿಸ್ಕನ್ನು ನಾನೇ ಕೈಯಲ್ಲಿ ಹಿಡಿದು ಕೆಳಗೆ ತಂದೆ.

"ಇದನ್ನ ನಮ್ಮ ಟಿವಿಗೆ ಹಾಕಕ್ಕೆ ಬರತ್ತಾ?" ಎಂದು ಕೇಳಿದೆ.

"ಬರತ್ತೆ. ಯಾವುದು ನೋಡೋಣ?"

"ಮೊದಲನೇದು. ಅಲ್ಲಿಂದ ಸಾಲಾಗಿ."

ಅವಳು ಸಿಕ್ಕಿಸಿದಳು. ನಾನು ಚಾಪೆ ಹಾಸಿದೆ.